ಬಿಳಿ ಜಗ್ಗಿನ ಬಣ್ಣ

ಚಿತ್ರಕಲೆಯ ತರಗತಿ ಸೇರಿದ ಮೊದಲ ಭಾನುವಾರ ಬಣ್ಣದಕ್ಕ ಬರೆದ ಜಗ್ಗು ಎಡಕ್ಕೆ ವಾಲಿತ್ತು. ಮುಂದಿನ ವಾರದ್ದು ಬಲಕ್ಕೆ ವಾಲಿತು. ಅದರ ಮುಂದಿನ ವಾರ ಜಗ್ಗು ನೆಟ್ಟಗೆ ನಿಂತಿತು, ಆದರೆ ಅದರ ಕೆಳಗಿನ ಮೇಜು ವಾಲಿತು. ಪಕ್ಕದ ಸ್ಟೂಲಿನಲ್ಲಿ ಕುಳಿತು ಅದೇ ಜಗ್ಗನ್ನು ಬರೆಯುತ್ತಿದ್ದ ಬಸ್ ಡ್ರೈವರ್ ಕತ್ತು ಚಾಚಿ ನೋಡಿದ.

“ಅಕ್ಕ, ನಿಮ್ಮ ಜಗ್ಗು ತಿರುವಲ್ಲಿ ಹೋಗ್ತಿರೋ ಹಾಗಿದೆ. ಕಂಬಿ ಹಿಡ್ಕೊಳ್ಳೋಕೆ ಹೇಳಿ.”

“ಈ ಸ್ಟೂಲೇ ಸರಿ ಇಲ್ಲ,” ಎಂದಳು ಅವಳು.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ.”

“ನಗಿ, ನಗಿ. ಬಣ್ಣ ಬರಲಿ, ಆಮೇಲೆ ಮಾತಾಡೋಣ.”

ಆ ಮಾತನ್ನು ಆ ವರ್ಷ ಅವಳು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಅದು ಬರಿಯ ಬಾಯಿಮಾತೂ ಆಗಿರಲಿಲ್ಲ. ಬಣ್ಣವೇ ಅವಳ ಕಸುಬು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಮದುವೆಗೆ ಮೊದಲೇ ಸೇರಿ, ತಲೆ ನರೆಯುವವರೆಗೂ ಅಲ್ಲಿ ಒಂದೇ ಕೆಲಸ ಮಾಡಿದ್ದಳು. ಗಿರಾಕಿಯೊಬ್ಬ ಅಂಗೈಯಗಲದ ಬಟ್ಟೆಯ ತುಂಡು ಕಳಿಸಿ ಇದೇ ಬಣ್ಣ ಬೇಕು ಎನ್ನುತ್ತಾನೆ. ಕಾರ್ಖಾನೆ ಹೊಸ ಬಟ್ಟೆಗೆ ಬಣ್ಣ ಹಾಕಿ ತರುತ್ತದೆ. ಎರಡೂ ಒಂದೇ ಬಣ್ಣ ಹೌದೋ ಅಲ್ಲವೋ ಎಂದು ತೀರ್ಪು ಕೊಡುವವಳು ಅವಳು. ಹೂಂ ಅಂದರೆ ಬಟ್ಟೆ ಲಾರಿಗೆ, ಊಹೂಂ ಅಂದರೆ ಮತ್ತೆ ತೊಟ್ಟಿಗೆ. ಬಣ್ಣದಕ್ಕ ಎಂಬ ಹೆಸರು ಬಂದದ್ದು ಅಲ್ಲೇ. ಮನೆಯಲ್ಲೂ ಈಗ ಅದೇ ಹೆಸರು. ಗಂಡ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದ.

ಆ ಕೆಲಸಕ್ಕೆ ಅದರದೇ ಶಿಸ್ತಿತ್ತು. ಪರೀಕ್ಷೆಯ ಕೋಣೆಯ ಗೋಡೆ ಬೂದು, ಮೇಜು ಬೂದು, ಅವಳು ತೊಡುವ ಕೋಟೂ ಬೂದು. ಕೆಂಪು ಬಟ್ಟೆ ತೊಟ್ಟು ಬಂದರೆ ಆ ಕೆಂಪು ಎದುರಿಗಿನ ಬಿಳಿಗೆ ಹತ್ತಿಕೊಳ್ಳುತ್ತದೆ, ತೀರ್ಪು ಕೆಡುತ್ತದೆ. ಎರಡು ತುಂಡುಗಳನ್ನೂ ಚಪ್ಪಟೆಯಾಗಿ ಹಾಸಿ, ಅಂಚಿಗೆ ಅಂಚು ತಾಗಿಸಿ, ದೀಪದ ಪೆಟ್ಟಿಗೆಯೊಳಗೆ ಇಡಬೇಕು. ಕಿಟಕಿಯ ಬೆಳಕು, ನೆರಳು, ಮಡಿಕೆ ಯಾವುದೂ ಹತ್ತಿರ ಸುಳಿಯಬಾರದು. ಬಣ್ಣ ಕೂಡಿತೆಂದರೆ ನಡುವಿನ ಅಂಚು ಕಣ್ಣೆದುರೇ ಇಲ್ಲವಾಗುತ್ತದೆ. ಆ ಗಳಿಗೆಗಾಗಿಯೇ ಅವಳು ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಳು.

ಆಮೇಲೆ ಯಂತ್ರ ಬಂತು. ಕುಕ್ಕರಿನಷ್ಟು ದೊಡ್ಡದು. ಬಟ್ಟೆಯ ಮೇಲೆ ಒತ್ತಿ ಹಿಡಿದರೆ ಬಣ್ಣವನ್ನು ಅಂಕಿಗಳಲ್ಲಿ ಹೇಳುತ್ತದೆ. ಮೊದಲ ಕೆಲವು ವಾರ ಅದು ಎಲ್ಲಾದರೂ ಎಡವುತ್ತದೆಯೇ ಎಂದು ಅವಳು ಕಾದಳು. ಎಡವಲಿಲ್ಲ. ಅದಕ್ಕೆ ಊಟವಾದ ಮೇಲೆ ತೂಕಡಿಕೆ ಬರುತ್ತಿರಲಿಲ್ಲ, ನೆಗಡಿಯಾದಾಗ ಕಣ್ಣಲ್ಲಿ ನೀರು ತುಂಬುತ್ತಿರಲಿಲ್ಲ. ಮ್ಯಾನೇಜರು ಮರ್ಯಾದೆಯಿಂದಲೇ ಅವಳನ್ನು ಬಟ್ಟೆ ಮಡಿಸುವ ವಿಭಾಗಕ್ಕೆ ಕಳಿಸಿದರು. ಸಂಬಳ ಇಳಿಯಲಿಲ್ಲ, ಕೆಲಸ ಹಗುರವಾಯಿತು. ಕಣ್ಣು ಮುಚ್ಚಿಕೊಂಡೂ ಮಾಡಬಹುದಾದ ಕೆಲಸ. ಅದೇ ಅವಳಿಗೆ ನುಂಗಲಾರದ ತುತ್ತಾಯಿತು.

ತನ್ನ ಕಣ್ಣು ಬೇಕಾಗುವ ಒಂದು ಜಾಗ ಎಲ್ಲಾದರೂ ಇರಲೇಬೇಕು ಎಂದು ಹುಡುಕಿದಾಗ ಸಿಕ್ಕಿದ್ದು ಈ ತರಗತಿ. ಹಳೆಯ ಟೈಪಿಂಗ್ ಶಾಲೆಯ ಮಹಡಿ. ಭಾನುವಾರ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ. ಸ್ಟಿಲ್ ಲೈಫ್ ಮಾತ್ರ ಕಲಿಸುತ್ತಾರೆ, ಅಂದರೆ ಮೇಜಿನ ಮೇಲೆ ಅಲುಗಾಡದೆ ಕೂತಿರುವ ಪಾತ್ರೆ, ಹಣ್ಣು, ಬಟ್ಟೆಯ ಚಿತ್ರ. ಕಲಿಸುವ ಮೇಷ್ಟ್ರು ಮಾತು ಕಡಿಮೆಯ ಮನುಷ್ಯ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ತಿರುಗುವರು. ಯಾರ ಚಿತ್ರವನ್ನೂ ಮುಟ್ಟಿ ತಿದ್ದುವವರಲ್ಲ. ಮೊದಲು ಪೆನ್ಸಿಲ್, ಆಮೇಲೆ ಇದ್ದಿಲು, ಕೊನೆಗೆ ಎಣ್ಣೆಬಣ್ಣ. ಸೇರುವ ದಿನವೇ ಷರತ್ತನ್ನೂ ಹೇಳಿದ್ದರು. ಎಣ್ಣೆಬಣ್ಣದವರು ಕೂರುವ ಒಳಕೋಣೆ ಚಿಕ್ಕದು, ಚಿತ್ರ ನಿಲ್ಲಿಸುವ ಈಸಲ್ ಆರು ಮಾತ್ರ ಹಿಡಿಸುತ್ತವೆ. ಈ ಸಲ ಕಲಿಯುವವರು ಏಳು ಜನ. ವರ್ಷದ ಕೊನೆಗೆ ಹೊರಗಿನ ಹಾಲಿನಲ್ಲೇ ಎಲ್ಲರೂ ಒಂದೊಂದು ಎಣ್ಣೆಚಿತ್ರ ಮಾಡಿ ತೋರಿಸಬೇಕು. ಆರು ಜನ ಒಳಗೆ. ಒಬ್ಬರು ಇನ್ನೊಂದು ವರ್ಷ ಇದ್ದಿಲಿನಲ್ಲೇ.

ಇನ್ನೊಂದು ವರ್ಷ ಕಪ್ಪು ಬಿಳುಪಿನಲ್ಲಿ. ಉಳಿದವರ ವಿಷಯ ಅವಳಿಗೆ ಗೊತ್ತಿಲ್ಲ, ತಾನಂತೂ ಅದನ್ನು ತಾಳಲಾರೆ ಎಂದು ಬಣ್ಣದಕ್ಕ ಅಂದೇ ತೀರ್ಮಾನಿಸಿದ್ದಳು.

ಆದ್ದರಿಂದ ಹಲ್ಲು ಕಚ್ಚಿ ಕಲಿತಳು. ಮೊಣಕೈ ಮಡಿಸದೆ ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಜಾರಿಸಿ ಜಗ್ಗಿನ ಎತ್ತರ ಅಳೆದಳು. ಆ ಎತ್ತರದಲ್ಲಿ ಅಗಲ ಎಷ್ಟು ಪಾಲು ಎಂದು ನೋಡಿದಳು. ಜಗ್ಗಿನ ಬಾಯಿ ದುಂಡಗಿದ್ದರೂ ಕುಳಿತಲ್ಲಿಂದ ಅದು ದುಂಡಗೆ ಕಾಣುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಅವಳಿಗೆ ಬಹಳ ದಿನ ಹಿಡಿಯಿತು. ಇದ್ದಿಲಿನ ತಿಂಗಳುಗಳಲ್ಲಿ ಮನೆಯ ಊಟದ ಮೇಜಿನ ಮೂಲೆಯಲ್ಲಿ ಬಿಳಿ ಕಾಗದದ ಮೇಲೆ ಬಿಳಿ ಮೊಟ್ಟೆ ಇಟ್ಟುಕೊಂಡು ಸಂಜೆಯೆಲ್ಲ ಕೂರುತ್ತಿದ್ದಳು. ಬೀಗ ರಿಪೇರಿ ಮಾಡುವ ಗಂಡ ತಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತಿದ್ದ. ಅತ್ತೆ ಮಾತ್ರ ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಿದ್ದರು.

“ಒಂದು ಮೊಟ್ಟೆಗೆ ಕೋಳಿ ಕೂಡ ಇಷ್ಟು ಹೊತ್ತು ಕೂರಲ್ಲ ಕಣೇ,” ಎಂದರು ಒಂದು ದಿನ.

“ಕೋಳಿಗೆ ಮೇಷ್ಟ್ರು ಇಲ್ಲ ಅತ್ತೆ.”

ಮೊಟ್ಟೆ ಕೊನೆಗೂ ಮೊಟ್ಟೆಯಾಯಿತು. ಎಲ್ಲೂ ಗೆರೆ ಎಳೆಯದೆ, ಕಪ್ಪನ್ನು ಬೆರಳಿನಿಂದ ಒರೆಸಿ ಒರೆಸಿ, ಬೆಳಕಿನ ಕಡೆ ಕಾಗದವನ್ನು ಹಾಗೆಯೇ ಬಿಟ್ಟು ಅದನ್ನು ಎಬ್ಬಿಸಿದ್ದಳು. ಮೇಷ್ಟ್ರು ನೋಡಿ “ಹಾಂ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಬಣ್ಣದಕ್ಕ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಇದೆಲ್ಲ ಬಾಗಿಲ ಹೊರಗಿನ ಮೆಟ್ಟಿಲು; ಮನೆ ಇರುವುದು ಬಣ್ಣದಲ್ಲಿ ಎಂದುಕೊಂಡಳು.

ಬಣ್ಣ ಬಂತು. ಮೇಷ್ಟ್ರು ಉತ್ತರದ ಕಿಟಕಿಯ ಪಕ್ಕ ಒಂದು ಸಣ್ಣ ಮೇಜಿನ ಮೇಲೆ ಮರದ ಹಲಗೆ ಇಟ್ಟು, ನೀಲಿ ಬಟ್ಟೆಯನ್ನು ಮಡಿಕೆ ಬೀಳುವಂತೆ ಇಳಿಬಿಟ್ಟು, ಬಿಳಿ ಎನಾಮೆಲ್ ಜಗ್ಗು ಮತ್ತು ಎರಡು ನಿಂಬೆಹಣ್ಣು ಜೋಡಿಸಿದರು. ಅಗಸೆ ಎಣ್ಣೆ ಮತ್ತು ಟರ್ಪೆಂಟೈನಿನ ವಾಸನೆ ಹಾಲಿನ ತುಂಬ ಹರಡಿತು. ಬಣ್ಣದಕ್ಕ ಕಾರ್ಖಾನೆಯ ಹಳೆಯ ಬೂದು ಕೋಟು ತೊಟ್ಟು ಬಂದಿದ್ದಳು.

ಅವಳು ಬಣ್ಣ ಕಲಸುವುದನ್ನು ನೋಡಲು ಉಳಿದವರು ತಮ್ಮ ಕೆಲಸ ಬಿಟ್ಟರು. ಬಣ್ಣ ಕಲಸುವ ಮೊಂಡು ಚಾಕುವಿನ ತುದಿಯಲ್ಲಿ ನೀಲಿಗೆ ಒಂದು ಕಾಳಿನಷ್ಟು ಕಂದು, ಅದಕ್ಕೆ ಸೂಜಿಮೊನೆಯಷ್ಟು ಹಳದಿ. ಆಮೇಲೆ ಚಾಕು ಹಿಡಿದು ಎದ್ದಳು. ಮೇಜಿನ ಹತ್ತಿರ ಹೋಗಿ, ಬಟ್ಟೆಯ ಮಡಿಕೆಯನ್ನು ಬೆರಳಿಂದ ಬಿಡಿಸಿ ಚಪ್ಪಟೆ ಮಾಡಿ, ಬಣ್ಣವನ್ನು ಅದಕ್ಕೆ ತಾಗಿಸಿ ನೋಡಿದಳು. ಇನ್ನೊಂದು ಚೂರು ಬಿಳಿ ಬೇಕಿತ್ತು. ಬಂದು ಸೇರಿಸಿದಳು, ಮತ್ತೆ ಹೋದಳು. ಅಂಚು ಮಾಯವಾಯಿತು. ಅವಳ ಎದೆ ಹಗುರವಾಯಿತು; ಅದನ್ನು ಕಂಡು ಎಷ್ಟು ತಿಂಗಳಾಗಿತ್ತು.

“ಅಕ್ಕ, ಮಡಿಕೆ ಬಿಡಿಸಬೇಡಿ,” ಡ್ರೈವರ್ ಗೋಗರೆದ. “ನನ್ನ ನೆರಳೆಲ್ಲ ಸ್ಟಾಪಿಂದ ಸ್ಟಾಪಿಗೆ ಹೋಗ್ತಿದೆ.”

“ಒಂದೇ ನಿಮಿಷ.”

“ಆ ನಿಂಬೆಹಣ್ಣಿಗೂ ಬಣ್ಣ ಹಚ್ಚಿದ್ದೀರಿ ನೋಡಿ.”

ಹೌದು, ಹಚ್ಚಿದ್ದಳು. ನಿಂಬೆಯ ಪಕ್ಕದಲ್ಲಿ ನಿಂಬೆಯದೇ ಬಣ್ಣದ ಒಂದು ಒದ್ದೆ ಚುಕ್ಕೆ ಕೂತಿತ್ತು. ಬಣ್ಣ ಎಷ್ಟು ಸರಿಯಾಗಿತ್ತೆಂದರೆ, ಅವನು ತೋರಿಸದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಬಿಳಿ ಜಗ್ಗಿಗೆ ಅವಳು ಇನ್ನೂ ಹೆಚ್ಚು ಶ್ರದ್ಧೆ ವಹಿಸಿದಳು. ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಬಣ್ಣ ಬಿಳಿ. ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ, ಹತ್ತಿಯದು ಬೇರೆ, ಮೂಳೆಯದು ಬೇರೆ. ಜಗ್ಗಿನದು ಚೂರು ಹಸಿರಿನ ಕಡೆ ವಾಲಿದ ತಣ್ಣನೆಯ ಬಿಳಿ. ಅದನ್ನು ಜಗ್ಗಿಗೇ ತಾಗಿಸಿ ಹೊಂದಿಸಿ, ಜಗ್ಗಿನ ಉದ್ದಗಲಕ್ಕೂ ತುಂಬಿದಳು. ಅತ್ತ ಕಡೆ ನೆರಳು ಬಿದ್ದಿರುವುದು ಅವಳಿಗೆ ಕಾಣದೆ ಇರಲಿಲ್ಲ. ಆದರೆ ನೆರಳು ಜಗ್ಗಿನ ಬಣ್ಣವಲ್ಲವಲ್ಲ. ಆಯ್ಕೆಗೆ ಎರಡು ವಾರ ಉಳಿದಿರುವಾಗಲೇ ಅವಳ ಕ್ಯಾನ್ವಾಸ್ ತುಂಬಿತ್ತು. ಅಷ್ಟು ಬೇಗ ಮುಗಿಸಿದವರು ಬೇರೆ ಯಾರೂ ಇರಲಿಲ್ಲ.

ಮೇಷ್ಟ್ರು ಬಂದು ಹಿಂದೆ ನಿಂತರು.

“ಬಣ್ಣ ಎಲ್ಲ ಸರಿಯಾಗಿದೆ,” ಎಂದರು. “ನಾನು ಇಷ್ಟು ಸರಿಯಾದ ಬಣ್ಣ ನೋಡಿಲ್ಲ.”

ಬಣ್ಣದಕ್ಕ ಡ್ರೈವರ್ ಕಡೆ ಹುಬ್ಬು ಹಾರಿಸಿದಳು.

“ಜಗ್ಗು ಎಲ್ಲಿ?” ಎಂದರು ಮೇಷ್ಟ್ರು.

“ಇದೇ ಸಾರ್.”

“ಕಣ್ಣು ಕಿರಿದು ಮಾಡಿ ನೋಡಿ. ಅರ್ಧ ಮುಚ್ಚಿ. ಮೊದಲು ಮೇಜು ನೋಡಿ, ಆಮೇಲೆ ಚಿತ್ರ ನೋಡಿ.”

ನೋಡಿದಳು. ಮೇಜಿನ ಮೇಲಿನ ಜಗ್ಗು ಕಣ್ಣು ಎಷ್ಟು ಕಿರಿದಾದರೂ ಹೊಟ್ಟೆ ಮುಂದೆ ಮಾಡಿಕೊಂಡು ನಿಂತೇ ಇತ್ತು. ಚಿತ್ರದಲ್ಲಿ ಜಗ್ಗು ಇರಲಿಲ್ಲ. ಜಗ್ಗಿನ ಆಕಾರಕ್ಕೆ ಕತ್ತರಿಸಿದ ಒಂದು ಬಿಳಿ ಬಟ್ಟೆ ಇತ್ತು, ಅದರ ಪಕ್ಕ ಎರಡು ಹಳದಿ ಬಟ್ಟೆ, ಹಿಂದೆ ಒಂದು ನೀಲಿ ಬಟ್ಟೆ. ಯಾರೋ ಗಿರಾಕಿಗೆ ತೋರಿಸಲು ಮಾದರಿಯ ತುಂಡುಗಳನ್ನು ರಟ್ಟಿಗೆ ಅಂಟಿಸಿದ ಹಾಗೆ.

“ನಾನೇನು ತಪ್ಪು ಮಾಡಿದೆ ಸಾರ್?”

“ತಪ್ಪು ಅಂತ ಎಲ್ಲಿ ಹೇಳಿದೆ? ಪ್ರತಿಯೊಂದರ ಬಣ್ಣನೂ ಸರಿ ಇದೆ ಅಂದೆ.” ಅವರು ಮುಂದಿನ ಈಸಲ್ ಕಡೆ ನಡೆದರು.

ಮನೆಗೆ ಬಂದವಳು ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಎಸೆದಳು. ಅದು ಕೆಳಗೆ ಬಿತ್ತು. ಎತ್ತಲಿಲ್ಲ. ಗಂಡ ಊಟದ ಮೇಜಿನ ಮೇಲೆ ಒಂದು ಹಳೆಯ ಬೀಗ ಬಿಚ್ಚಿಟ್ಟುಕೊಂಡು ಕೂತಿದ್ದ. ಹೆಂಡತಿಯ ಮುಖ ನೋಡಿ ಬಿಡಿಭಾಗಗಳನ್ನು ಒಂದು ಪಕ್ಕಕ್ಕೆ ಸರಿಸಿದ.

“ಬಿಟ್ಟುಬಿಡ್ತೀನಿ ರೀ,” ಎಂದಳು. “ಯಂತ್ರ ಬಂದು ಕಣ್ಣು ಬೇಡ ಅಂತು. ಇಲ್ಲಿ ನೋಡಿದ್ರೆ ಕಣ್ಣು ಸರಿಯಾಗಿದೆ, ಚಿತ್ರ ಸರಿಯಾಗಿಲ್ಲ ಅಂತಾರೆ. ನನ್ನ ಹತ್ರ ಇರೋದು ಇದೊಂದೇ.”

“ಹೊಸ ಬೀಗಕ್ಕೆ ಹಳೇ ಕೀಲಿ ಹಾಕ್ತಿದ್ದೀಯೇನೋ.”

“ನಿಮಗೆ ಎಲ್ಲಾದಕ್ಕೂ ಬೀಗವೇ.”

“ನಿನಗೆ ಎಲ್ಲಾದಕ್ಕೂ ಬಟ್ಟೆ,” ಎಂದು ಅವನು ಸ್ಕ್ರೂ ಹುಡುಕತೊಡಗಿದ.

ಅತ್ತೆ ಮೇಜಿನ ಆಚೆ ಬದಿಯಲ್ಲಿ ಕೂತು ತಮ್ಮದೇ ಆಟ ಆಡುತ್ತಿದ್ದರು. ಅವರಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ಆಗಿ ತಿಂಗಳು ಕಳೆದಿತ್ತು. ಎಡಗಣ್ಣಿನ ಸರದಿ ಇನ್ನೂ ಬಂದಿರಲಿಲ್ಲ. ಹೊಸ ಕಣ್ಣು ಬಂದಾಗಿನಿಂದ ಒಂದೊಂದೇ ಕಣ್ಣು ಮುಚ್ಚಿ ಮನೆಯ ಸಾಮಾನನ್ನೆಲ್ಲ ಎರಡೆರಡು ಸಲ ನೋಡುವುದು ಅವರಿಗೆ ಹೊತ್ತು ಕಳೆಯುವ ದಾರಿಯಾಗಿತ್ತು. ಈಗ ನೀರಿನ ಬಿಳಿ ಪಿಂಗಾಣಿ ಹೂಜಿಯ ಸರದಿ.

“ಇಲ್ಲಿ ನೋಡೇ,” ಎಂದರು. “ಎಡಗಣ್ಣಲ್ಲಿ ಈ ಹೂಜಿ ಹಳೇ ಪೇಪರ್ ಥರ ಇದೆ. ಬಲಗಣ್ಣಲ್ಲಿ ನೀಲಿ ಹಾಕಿ ಒಗೆದ ಥರ. ನೀನು ಬಣ್ಣದೋಳು ತಾನೇ. ಹೇಳು, ಯಾವುದು ನಿಜ?”

“ಹೂಜಿ ಬಿಳಿ ಅತ್ತೆ.”

“ಅದು ನಂಗೆ ಗೊತ್ತಿಲ್ವಾ? ತಂದೋಳೇ ನಾನು. ಬಿಳಿ ಅಂತ ಹೇಳೋಕೆ ಕಣ್ಣು ಯಾಕೆ ಬೇಕು? ಹೊರಗೆ ರಸ್ತೇಲಿ ನಿಂತೂ ಹೇಳಬಹುದು. ನೀನು ಕೂತಿರೋ ಕಡೆಯಿಂದ ಈಗ ಹೇಗೆ ಕಾಣ್ತಿದೆ ಅಂತ ಕೇಳಿದ್ದು.”

ಬಣ್ಣದಕ್ಕ ಉತ್ತರ ಕೊಡಲು ಬಾಯಿ ತೆರೆದು, ಹೂಜಿಯ ಕಡೆ ನೋಡಿದಳು. ನೋಡುತ್ತಲೇ ಇದ್ದಳು.

“ಕಿಟಕಿ ಕಡೆ ಬಿಳಿ,” ಎಂದಳು ನಿಧಾನವಾಗಿ. “ಹೊಟ್ಟೆಯ ಆಚೆ... ಬಿಳಿ ಅಲ್ಲ. ಬೂದು. ಪಾತ್ರೆ ತೊಳೆದ ನೀರಿನ ಬಣ್ಣ. ಕೆಳಗೆ ಸ್ವಲ್ಪ ಕೆಂಪಗಿದೆ.”

“ಕೆಂಪು ಎಲ್ಲಿಂದ ಬಂತೇ, ಬಿಳಿ ಹೂಜಿಗೆ?”

“ಮೇಜಿಂದು. ಮೇಜಿನ ಬಣ್ಣ ಮೇಲೆ ಹತ್ತಿದೆ.”

ಹೇಳಿದ ಮೇಲೆ ಅವಳಿಗೆ ತನ್ನ ಮಾತೇ ಕೇಳಿಸಿತು. ಆ ಹತ್ತಿಕೊಳ್ಳುವ ಕೆಂಪನ್ನು ಓಡಿಸುವುದಕ್ಕೆಂದೇ ಅವಳು ಇಷ್ಟು ವರ್ಷ ಬೂದು ಕೋಟು ತೊಟ್ಟದ್ದು. ನೆರಳನ್ನು ದೂರ ಇಡುವುದಕ್ಕೆಂದೇ ದೀಪದ ಪೆಟ್ಟಿಗೆ. ಅವಳ ಕಣ್ಣು ಅವುಗಳನ್ನು ಎಂದೂ ಕಾಣದೆ ಇರಲಿಲ್ಲ. ಕಂಡ ಕೂಡಲೇ ಕಸವೆಂದು ಗುಡಿಸಿ ಆಚೆ ಹಾಕುತ್ತಿತ್ತು, ಅಷ್ಟೆ. ಇದ್ದಿಲಿನಲ್ಲಿ ಮೊಟ್ಟೆ ಬರೆದಾಗ ಆ ಕಸದಿಂದಲೇ ಮೊಟ್ಟೆ ಎದ್ದಿತ್ತು. ಬಣ್ಣ ಕೈಗೆ ಬಂದದ್ದೇ ತಡ, ಹಳೆಯ ಪೊರಕೆ ಮತ್ತೆ ಹಿಡಿದಿದ್ದಳು.

“ರೀ, ಮೇಜು ಖಾಲಿ ಮಾಡಿ.”

“ಸ್ಪ್ರಿಂಗ್ ಹಾರಿಹೋಗುತ್ತೆ ಕಣೇ.”

“ಹಿಡ್ಕೊಳ್ಳಿ ಹಾಗಾದ್ರೆ.”

ಬಣ್ಣದ ಪೆಟ್ಟಿಗೆ ತಂದಳು. ಹೂಜಿಯ ಪಕ್ಕ ಒಂದು ಕಿತ್ತಳೆ ಇಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಬಿಳಿಗೆ ಕಂದು, ಒಂದಿಷ್ಟು ನೀಲಿ ಕಲಸಿದಳು. ಚಾಕುವಿನ ಮೇಲೆ ಬಂದದ್ದು ಒಂದು ಕೊಳಕು ಬೂದು. ಕಾರ್ಖಾನೆಯಲ್ಲಾದರೆ ತೊಟ್ಟಿಯನ್ನೇ ಬರಿದು ಮಾಡಿಸುತ್ತಿದ್ದಳು. ಅಭ್ಯಾಸಬಲದಿಂದ ಎದ್ದಳು. ಅರ್ಧ ಎದ್ದವಳು ಮತ್ತೆ ಕೂತಳು. ತೋಳು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಎತ್ತರ ಅಳೆಯುತ್ತಿದ್ದ ಹಾಗೆಯೇ ಚಾಕುವನ್ನು ಹೂಜಿಯ ನೆರಳಿಗೆ ಅಡ್ಡ ಹಿಡಿದಳು. ಚಾಕು ಓರೆಯಾದರೆ ಬಣ್ಣ ಕಪ್ಪಾಗುತ್ತಿತ್ತು. ಕಿಟಕಿಯ ಬೆಳಕು ಅದರ ಮೇಲೆ ಬೀಳುವಂತೆ ತಿರುಗಿಸಿದಳು. ತುಸು ಹೆಚ್ಚು ನೀಲಿಯಾಗಿತ್ತು. ಕಿತ್ತಳೆಯ ಬಣ್ಣದಿಂದ ಒಂದು ಚೂರು ಸೇರಿಸಿ ಮತ್ತೆ ಹಿಡಿದಳು.

ಅಂಚು ಹೋಯಿತು. ಚಾಕುವಿನ ಮೇಲಿದ್ದ ಕೊಳಕು ಬೂದು ಬಣ್ಣ ಬಿಳಿ ಹೂಜಿಯೊಳಗೆ ಸೇರಿಕೊಂಡು, ಎಲ್ಲಿ ಬಣ್ಣ ಮುಗಿದು ಎಲ್ಲಿ ಹೂಜಿ ಶುರುವಾಯಿತೆಂದು ತಿಳಿಯದ ಹಾಗಾಯಿತು.

“ಏನಾಯ್ತೇ?” ಅತ್ತೆ ಕೇಳಿದರು. “ಯಾಕೆ ಹಾಗೆ ನಗ್ತಿದ್ದೀಯ?”

“ಬೆಳ್ಳಗಿರೋದೆಲ್ಲ ಬಿಳಿ ಅಲ್ಲ ಅತ್ತೆ.”

“ಗಾದೆ ಹಾಗಿಲ್ಲ ಕಣೇ.”

ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಹೋಗಿ, ತನ್ನ ಕ್ಯಾನ್ವಾಸಿನಿಂದ ಜಗ್ಗನ್ನು ಕೆರೆದು ತೆಗೆದಳು. ದಪ್ಪಗೆ ಹಚ್ಚಿದ ಬಣ್ಣ ಮೇಲೆ ಕೆನೆ ಕಟ್ಟಿತ್ತು, ಒಳಗೆ ಇನ್ನೂ ಹಸಿ. ಚಾಕುವಿಗೆ ಸುಲಭವಾಗಿ ಬಂತು. ಆಮೇಲೆ ನಿಂಬೆಹಣ್ಣುಗಳು. ಊಟದ ಹೊತ್ತಿನವರೆಗೆ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. ಚಾಕು ಚಾಚುವುದು, ಕಣ್ಣು ಮುಚ್ಚುವುದು, ಕಲಸುವುದು, ಮತ್ತೆ ಚಾಚುವುದು. ಜಗ್ಗಿನ ನೆರಳಿನೊಳಗೆ ನಿಂಬೆಯ ಹಳದಿ ಮೇಲೇರಿ ಅಡಗಿ ಕೂತಿರುವುದು ಸಿಕ್ಕಿತು. ನಿಂಬೆಯ ಕತ್ತಲಿನ ಕಡೆ ಹಸಿರು ಸಿಕ್ಕಿತು.

“ಅಕ್ಕ, ಇವತ್ತು ಆರಾಮಾಗಿ ಕೂತಿದ್ದೀರಿ,” ಡ್ರೈವರ್ ಅಂದ. “ಮೇಜಿಗೆ ಸರ್ವಿಸ್ ಇಲ್ವಾ?”

“ರೂಟ್ ಬದಲಾಯ್ತು.”

ನೀಲಿ ಬಟ್ಟೆಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಹೊತ್ತಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಾಗಿರಲಿಲ್ಲ. ಆ ನೀಲಿ ಅವಳು ಜೀವಮಾನದಲ್ಲಿ ಹೊಂದಿಸಿದ ಅತಿ ಕಷ್ಟದ ಬಣ್ಣಗಳಲ್ಲಿ ಒಂದು. ಯಂತ್ರಕ್ಕೆ ಹಿಡಿದರೂ ಹೌದೆನ್ನುತ್ತಿತ್ತು. ಅದನ್ನು ಕೆರೆಯಲು ಕೈ ಬರಲಿಲ್ಲ.

ಆಯ್ಕೆಯ ಭಾನುವಾರ ಏಳು ಈಸಲ್‌ಗಳೂ ಗೋಡೆಯುದ್ದಕ್ಕೆ ನಿಂತವು. ಮೇಜಿನ ಮೇಲೆ ಜಗ್ಗು, ಬಟ್ಟೆ ಎಲ್ಲ ಇದ್ದಲ್ಲೇ ಇದ್ದವು. ನಿಂಬೆ ಮಾತ್ರ ಅಷ್ಟರಲ್ಲಿ ಎಷ್ಟೋ ಸಲ ಬದಲಾಗಿತ್ತು. ಮೇಷ್ಟ್ರು ಆ ತುದಿಯಿಂದ ಶುರು ಮಾಡಿದರು. ಮೊದಲನೆಯದು ಹಲ್ಲಿನ ಡಾಕ್ಟರಮ್ಮನದು, ಬೇಗ ಮುಗಿಯಿತು. ಎರಡನೆಯದು ಜಮೀನು ಅಳೆಯುವ ಸರ್ವೇಯರನದು. ಅವನ ಗೆರೆಗಳಲ್ಲಿ ಯಾರೂ ಕೂದಲೆಳೆಯಷ್ಟು ತಪ್ಪು ಹಿಡಿಯಲಾರರು.

“ಫೋಟೋ ನೋಡಿ ಮಾಡಿದ್ರಾ?” ಮೇಷ್ಟ್ರು ಕೇಳಿದರು.

“ಕೊನೆಕೊನೆಗೆ ಹೌದು ಸಾರ್. ನಿಂಬೆಹಣ್ಣು ವಾರ ವಾರ ಬಾಡ್ತಿತ್ತು, ಅದಕ್ಕೆ.”

“ನೆರಳೆಲ್ಲ ಕಪ್ಪು ಮಾಡಿದ್ದೀರಿ. ಅಲ್ಲಿ ನೋಡಿ. ಕಪ್ಪು ಎಲ್ಲಿದೆ ತೋರಿಸಿ.”

ಸರ್ವೇಯರ್ ಮೇಜಿನ ಕಡೆ ನೋಡಿದ. ಪ್ರಾಮಾಣಿಕ ಮನುಷ್ಯ, ಹುಡುಕಿದ, ಸಿಗಲಿಲ್ಲ, ತಲೆ ಕೆರೆದುಕೊಂಡ.

ಗೋಡೆಯ ಈ ತುದಿಯಲ್ಲಿದ್ದ ಬಣ್ಣದಕ್ಕನಿಗೆ ಇನ್ನೂ ಹೊತ್ತಿತ್ತು. ಕೆಲವು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ತನ್ನದನ್ನು ನೋಡಿದಳು. ಜಗ್ಗು ನಿಂತಿತ್ತು. ಹೊಟ್ಟೆ ಮುಂದೆ ಬಂದಿತ್ತು, ಹಿಡಿ ಹಿಂದೆ ಹೋಗಿತ್ತು. ನಿಂಬೆಹಣ್ಣುಗಳು ಹಲಗೆಯ ಮೇಲೆ ಭಾರವಾಗಿ ಕೂತಿದ್ದವು. ಅವುಗಳ ಹಿಂದೆ ಇರಬೇಕಾದ ನೀಲಿ ಬಟ್ಟೆ, ಎಲ್ಲರನ್ನೂ ತಳ್ಳಿಕೊಂಡು ಮುಂದಿನ ಸಾಲಿಗೆ ನುಗ್ಗಿದ ಹಾಗೆ, ಜಗ್ಗಿನ ಕತ್ತಿಗೆ ಬಂದು ಅಂಟಿತ್ತು. ಮಡಿಕೆಯಿಲ್ಲ, ಆಳವಿಲ್ಲ. ಬರಿಯ ನೀಲಿ, ಅತ್ಯಂತ ಸರಿಯಾದ ನೀಲಿ.

ಹಾಗೆಯೇ ಬಿಟ್ಟರೆ ಅದು ಮುಗಿದ ಚಿತ್ರ. ಸರ್ವೇಯರನದಕ್ಕಿಂತ ವಾಸಿ ಎಂದು ಒಳಗೆ ಹೋಗಲೂಬಹುದು. ಕೆರೆದರೆ ಆಯ್ಕೆಯ ದಿನ ಅರ್ಧ ಚಿತ್ರ ಇಟ್ಟುಕೊಂಡು ನಿಂತವಳು ತಾನೊಬ್ಬಳೇ. ಮೇಷ್ಟ್ರು ನಾಲ್ಕನೆಯ ಈಸಲ್ ಮುಂದೆ ನಿಂತಿದ್ದರು. ಇನ್ನೊಂದು ವರ್ಷದ ಇದ್ದಿಲು ಅವಳ ಕಣ್ಣ ಮುಂದೆ ಹಾದುಹೋಯಿತು.

ಚಾಕು ತೆಗೆದುಕೊಂಡಳು.

“ಅಕ್ಕ,” ಡ್ರೈವರ್ ಪಿಸುಗುಟ್ಟಿದ, “ಏನು ಮಾಡ್ತಿದ್ದೀರಿ? ಕೊನೇ ಸ್ಟಾಪ್ ಬಂತು, ಇವತ್ತು ಇಳಿಯೋ ದಿನ.”

ಅವಳು ಆಗಲೇ ಕೆರೆಯುತ್ತಿದ್ದಳು. ನೀಲಿ ಸುರುಳಿಸುರುಳಿಯಾಗಿ ಚಾಕುವಿನ ಮೇಲೆ ಬಂತು. ಹಳೆಯ ಬಟ್ಟೆಯ ಚಿಂದಿಗೆ ಒರೆಸಿದಳು, ಮತ್ತೆ ಕೆರೆದಳು. ಆಮೇಲೆ ತನ್ನ ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ಎಳೆದುಕೊಂಡು, ಒಂದು ಮಡಿಕೆಯ ಆಳಕ್ಕೆ ಬಣ್ಣ ಕಲಸಿ, ತೋಳು ಚಾಚಿ ಹಿಡಿದಳು. ಅದು ನೀಲಿಯೇ ಅಲ್ಲ; ಮಸಿ ಮೆತ್ತಿದ ಹಾಗಿನ ಏನೋ ಒಂದು. ಅಂಚು ಹೋಯಿತು. ಎದ್ದು ಹೋಗಿ ಹಚ್ಚಿದಳು. ಮಡಿಕೆಯ ಉಬ್ಬಿಗೆ ಇನ್ನೊಂದು. ಮೇಷ್ಟ್ರು ಹತ್ತಿರ ಬರುವಷ್ಟರಲ್ಲಿ ಅವಳಿಗೆ ಒಂದೇ ಒಂದು ಮಡಿಕೆ ಹಚ್ಚಲು ಆಗಿತ್ತು. ಸುತ್ತ ಕ್ಯಾನ್ವಾಸಿನ ಕಲೆಕಲೆ ಮೈ.

ಅವರು ಬಂದು ನಿಂತರು. ಜಗ್ಗು ನೋಡಿದರು. ಆ ಒಂದು ಮಡಿಕೆ ನೋಡಿದರು. ನೆಲದ ಮೇಲೆ ಬಿದ್ದಿದ್ದ ನೀಲಿ ಸುರುಳಿಗಳನ್ನೂ ನೋಡಿದರು.

“ಇದು ಮುಗಿದಿಲ್ಲ,” ಎಂದರು.

“ಇಲ್ಲ ಸಾರ್.”

“ಹೋದ ವಾರದವರೆಗೂ ಮುಗಿದಿತ್ತಲ್ಲ?”

“ಹೌದು ಸಾರ್. ಆದರೆ ಬಟ್ಟೆ ಹಿಂದೆ ಹೋಗ್ತಿರಲಿಲ್ಲ.”

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಬೆನ್ನ ಹಿಂದಿನ ಕೈಗಳನ್ನು ಬಿಡಿಸಿ ಡ್ರೈವರ್ ಕಡೆ ತಿರುಗಿದರು.

“ನಿಮ್ಮದೂ ಆಯ್ತು, ನೀವು ಒಳಗೆ ಬರ್ತೀರಿ. ಒಂದು ಕೈ ಹಿಡೀರಿ. ಈ ಮೇಜನ್ನ ಹಾಗೇ ಎತ್ತಿ ಒಳಕೋಣೆಗೆ ಇಡಬೇಕು. ಬಟ್ಟೆಯ ಮಡಿಕೆ ಕದಲಬಾರದು. ಅಕ್ಕನಿಗೆ ಇನ್ನೂ ಬೇಕು ಅದು.”

ಬಣ್ಣದಕ್ಕನಿಗೆ ಮಾತು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಡ್ರೈವರ್ ಮೇಜಿನ ಒಂದು ಬದಿ ಹಿಡಿದು “ಬನ್ನಿ ಅಕ್ಕ, ಸೀಟ್ ಸಿಕ್ಕಿದ ಮೇಲೆ ನಿಂತ್ಕೊಬೇಡಿ” ಎನ್ನುತ್ತಿದ್ದ. ಅವಳು ಇನ್ನೊಂದು ಬದಿ ಹಿಡಿದಳು. ಸರ್ವೇಯರ್ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದ.

“ಬರೋ ವರ್ಷ ನಾನೂ ಬರ್ತೀನಿ,” ಎಂದ. “ಆ ಕಪ್ಪು ಎಲ್ಲೂ ಇಲ್ಲ ನೋಡಿ, ನಿಜಕ್ಕೂ ಇಲ್ಲ.” ಅವನ ದನಿಯಲ್ಲಿ ಬೇಸರಕ್ಕಿಂತ ಬೆರಗು ಹೆಚ್ಚಿತ್ತು.

“ಹೊಸ್ತಿಲು ಇದೆ, ನಿಧಾನ,” ಡ್ರೈವರ್ ಹೇಳಿದ. “ಹಂಪ್ ಬಂದಾಗ ಬ್ರೇಕ್ ಹಾಕಬಾರದು, ಮೊದಲೇ ಸ್ಲೋ ಆಗಬೇಕು.”

ಜಗ್ಗು ಅಲುಗಲಿಲ್ಲ. ಒಂದು ನಿಂಬೆಹಣ್ಣು ಉರುಳಲು ನೋಡಿತು, ಬಣ್ಣದಕ್ಕ ಗಲ್ಲದಿಂದ ತಡೆದಳು. ಬಟ್ಟೆಯ ಮಡಿಕೆಗಳು ಇದ್ದ ಹಾಗೆಯೇ ಉಳಿದವು. ಮೇಜನ್ನು ಇಳಿಸಿ, ಉಸಿರು ಬಿಟ್ಟು, ಅವಳು ಹಿಂದೆ ಸರಿದು ನೋಡಿದಳು.

ಒಳಕೋಣೆಯ ಕಿಟಕಿ ಇನ್ನೊಂದು ಬದಿಗಿತ್ತು. ಹೊರಗೆ ಬೂದಾಗಿದ್ದ ಜಗ್ಗಿನ ಹೊಟ್ಟೆ ಈಗ ಬೆಳಗುತ್ತಿತ್ತು. ಬೆಳಗುತ್ತಿದ್ದ ಬದಿ ಬೂದೂ ಅಲ್ಲದ, ನೀಲಿಯೂ ಅಲ್ಲದ, ಅವಳು ಎಂದೂ ಕಲಸದ ಒಂದು ಬಣ್ಣಕ್ಕೆ ತಿರುಗಿತ್ತು. ಅವಳ ಚಿತ್ರದಲ್ಲಿದ್ದ ಯಾವುದೂ ಈಗ ಮೇಜಿನ ಮೇಲಿರಲಿಲ್ಲ.

“ಸಾರ್, ಎಲ್ಲ ಬದಲಾಗಿಬಿಡ್ತಲ್ಲ,” ಎಂದಳು.

“ಹೌದಲ್ಲ,” ಎಂದರು ಮೇಷ್ಟ್ರು, ಅದು ತಮಗೂ ಆಗಷ್ಟೇ ತಿಳಿದವರಂತೆ. “ಹೊಸ ಕ್ಯಾನ್ವಾಸ್ ಬೇಕಾಗುತ್ತೆ ನಿಮಗೆ.”

ಊಟಕ್ಕೆ ಇನ್ನೂ ಹೊತ್ತಿತ್ತು. ಅವಳು ಸ್ಟೂಲು ಎಳೆದು, ಎಲ್ಲಿ ಕೂರಬೇಕೆಂದು ಒಮ್ಮೆ ಯೋಚಿಸಿ ಕೂತಳು. ಚಾಕು ಒರೆಸಿಕೊಂಡಳು. ಬಿಳಿಯ ಟ್ಯೂಬಿನ ಮುಚ್ಚಳ ಬಿಗಿಯಾಗಿತ್ತು; ಹಲ್ಲಿನಿಂದ ಕಚ್ಚಿ ತಿರುಗಿಸಿದಳು.